ದ್ವೇಷದ ಮೆರವಣಿಗೆ ಬೀದಿಗೆ ಬಂದಾಗ

(ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ನೆರೆದ ಭಕ್ತರ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಇಂದಿನ ಸಭೆಯಲ್ಲಿ ಕಾಯಕದ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ನಾವು ಬಂದಿದ್ದೆವು. ನಿಮ್ಮ ಆಹ್ವಾನ ಪತ್ರಿಕೆಯಲ್ಲಿಯೂ ಹಾಗೆಯೇ ಅಚ್ಚಾಗಿದೆ. ಆದರೆ ಬೆಳಿಗ್ಗೆ ಪೂಜೆ ಮುಗಿಸಿ ಕುಳಿತಿದ್ದಾಗ ಈ ಬಡಾವಣೆಯ ತಾಯಿಯೊಬ್ಬರು ಬಂದರು. ಎಲ್ಲರೂ ಹೋಗುವವರೆಗೆ ಕಾದು ನಿಂತಿದ್ದು, ಆಮೇಲೆ ಮೆಲ್ಲಗೆ ಕೇಳಿದರು: "ಬುದ್ಧೀ, ನನ್ನ ಮಗನ ಫೋನಿಗೆ ಒಂದು ಕರೆ ಬಂದಿದೆ. ಬರುವ ಭಾನುವಾರ ಸಭೆಯಂತೆ, ಮೆರವಣಿಗೆಯಂತೆ. ಅವರಿಗೆ ಬುದ್ಧಿ ಕಲಿಸಬೇಕಂತೆ. ಅವರು ಅಂದರೆ ಯಾರಪ್ಪಾ ಅಂತ ಕೇಳಿದೆ. ಅವನು ಹೇಳಿದ್ದು ನೋಡಿದರೆ ನಮ್ಮ ಎದುರು ಮನೆಯವರೂ ಅದರಲ್ಲಿ ಸೇರುತ್ತಾರೆ. ಹದಿನೈದು ವರ್ಷದಿಂದ ಅವರ ಮನೆಯಿಂದ ಹೆಪ್ಪಿಗೆ ಮೊಸರು ತಂದಿದ್ದೇನೆ. ನಾನೀಗ ಏನು ಮಾಡಲಿ?"

ಈ ಪ್ರಶ್ನೆಯನ್ನು ಬದಿಗಿಟ್ಟು ಕಾಯಕದ ಮೇಲೆ ಉಪನ್ಯಾಸ ಮಾಡಿದರೆ ಅದು ಕಾಯಕವಾಗುವುದಿಲ್ಲ. ಆದ್ದರಿಂದ ಇಂದು ಆ ತಾಯಿಯ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಎದುರು ಮನೆಯವರು ಯಾವ ಜಾತಿ, ಯಾವ ಮತ, ಯಾವ ಭಾಷೆಯವರು ಎಂಬುದನ್ನು ನಾವು ಹೇಳುವುದಿಲ್ಲ. ಮರೆಮಾಚಬೇಕೆಂದಲ್ಲ. ಈ ನಾಟಕದಲ್ಲಿ ಪಾತ್ರಧಾರಿಗಳ ಹೆಸರು ಊರಿಂದೂರಿಗೆ ಬದಲಾಗುತ್ತದೆ, ನಾಟಕ ಮಾತ್ರ ಅದೇ ಇರುತ್ತದೆ. ಒಂದೂರಲ್ಲಿ ಬಡಿಸಿಕೊಂಡವರು ಇನ್ನೊಂದೂರಲ್ಲಿ ಬಡಿಯುವವರಾಗಿರುತ್ತಾರೆ.

ಮೊದಲು ನಿಮ್ಮ ಬಡಾವಣೆಯನ್ನೇ ನೋಡಿ. 1954ರಲ್ಲಿ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬಂದಿತು. ಅದರ ಆಸುಪಾಸಿನಲ್ಲೇ ಎಚ್.ಎಂ.ಟಿ. ಬಂದಿತು, ವಾಯುಪಡೆಯ ನೆಲೆ ಇತ್ತು. ಕೆಲಸ ಅರಸಿ ಕೇರಳದಿಂದ ಬಂದರು, ತಮಿಳುನಾಡಿನಿಂದ ಬಂದರು, ಆಂಧ್ರದಿಂದ ಬಂದರು, ಉತ್ತರ ದೇಶದಿಂದ ಬಂದರು. ನಮ್ಮ ಬಯಲುಸೀಮೆಯಿಂದ, ಉತ್ತರ ಕರ್ನಾಟಕದಿಂದ ನೀವೂ ಬಂದಿರಿ. ನಿವೃತ್ತರಾಗುವ ಹೊತ್ತಿಗೆ ಒಂದೊಂದು ನಿವೇಶನ ಕೊಂಡು ಇಲ್ಲಿ ಮನೆ ಕಟ್ಟಿದಿರಿ. ಅದಕ್ಕೂ ಮೊದಲು ಇಲ್ಲಿ ನರಸೀಪುರ, ತಿಂಡ್ಲು, ದೊಡ್ಡಬೊಮ್ಮಸಂದ್ರ, ಚಿಕ್ಕಬೆಟ್ಟಹಳ್ಳಿ ಎಂಬ ಊರುಗಳಿದ್ದವು. ರಾಗಿ ಹೊಲಗಳಿದ್ದವು. ಈಗ ಯಾರಾದರೂ ಬಂದು ಈ ಬೀದಿಯಲ್ಲಿ ನಿಂತು "ಹೊರಗಿನವರು ಹೊರಗೆ ಹೋಗಲಿ" ಎಂದು ಕೂಗಿದರೆ, ದೊಡ್ಡಬೊಮ್ಮಸಂದ್ರದ ಕೆರೆಯ ಹೊರತು ಇಲ್ಲಿ ಉಳಿಯುವವರು ಬಹಳ ಜನ ಇರುವುದಿಲ್ಲ. (ನಗೆ.) ನಗುತ್ತೀರಿ, ನಗಬೇಕಾದ ಮಾತೇ. ಆದರೆ ಆ ಕೂಗು ಬಂದ ದಿನ ಯಾರಿಗೂ ನಗೆ ಬರುವುದಿಲ್ಲ. ಅದು ನಮಗೆ ಗೊತ್ತಿದೆ. ಹೇಗೆ ಗೊತ್ತು ಎಂಬುದನ್ನು ಹೇಳಬೇಕಾಗಿದೆ.

1991ನೆಯ ಇಸವಿ. ನಾವಿನ್ನೂ ಪೀಠಕ್ಕೆ ಬಂದಿರಲಿಲ್ಲ. ಇದೇ ಬೆಂಗಳೂರಿನ ಒಂದು ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿದ್ದೆವು. ಕಾವೇರಿ ನ್ಯಾಯಮಂಡಳಿ ಆ ವರ್ಷದ ಜೂನ್ ತಿಂಗಳಲ್ಲಿ ಮಧ್ಯಂತರ ಆದೇಶ ಕೊಟ್ಟಿತ್ತು. ವರ್ಷಕ್ಕೆ 205 ಟಿ.ಎಂ.ಸಿ. ನೀರನ್ನು ತಮಿಳುನಾಡಿಗೆ ಬಿಡಬೇಕೆಂದು. ಡಿಸೆಂಬರಿನಲ್ಲಿ ಅದು ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾಯಿತು. ರೈತರ ಸಂಕಟ ನಿಜವಾದದ್ದು, ಅದರಲ್ಲಿ ಸಂದೇಹವಿಲ್ಲ. ದ್ವೇಷದ ಮೆರವಣಿಗೆ ಯಾವಾಗಲೂ ಒಂದು ನಿಜವಾದ ನೋವನ್ನು ಕಡ ತರುತ್ತದೆ. ಸುಳ್ಳಿನ ಮೇಲೆಯೇ ಪೂರ್ತಿ ನಿಂತರೆ ಅದಕ್ಕೆ ಜನ ಸೇರುವುದಿಲ್ಲ. ಮಂಡ್ಯದ ರೈತನ ನೋವನ್ನು ಕಡ ತಂದು, ಬೆಂಗಳೂರಿನ ಬೀದಿಯಲ್ಲಿ ಇಡ್ಲಿ ಮಾರುವ ತಮಿಳನ ಮೇಲೆ ಅದರ ಬಡ್ಡಿ ವಸೂಲು ಮಾಡಿದರು. ಜೀವಗಳು ಹೋದವು. ಸಾವಿರಾರು ಕುಟುಂಬಗಳು ಮೂಟೆ ಕಟ್ಟಿಕೊಂಡು ಊರು ಬಿಟ್ಟವು.

ನಮ್ಮ ವಿದ್ಯಾರ್ಥಿನಿಲಯದ ಬಳಿ ಒಂದು ದಿನಸಿ ಅಂಗಡಿ ಇತ್ತು. ಅಂಗಡಿಯಾತ ತಮಿಳರವನು, ಕನ್ನಡ ನಮಗಿಂತ ಚೆನ್ನಾಗಿ ಬೈಯುತ್ತಿದ್ದ. ನಮಗೆಲ್ಲ ಸೋಪು, ಬಾಳೆಹಣ್ಣು, ಅವಲಕ್ಕಿ ಸಾಲ ಕೊಡುತ್ತಿದ್ದ. ಗೆರೆ ಹಾಕಿದ ಒಂದು ಉದ್ದನೆಯ ಪುಸ್ತಕದಲ್ಲಿ ಒಬ್ಬೊಬ್ಬ ಹುಡುಗನಿಗೆ ಒಂದೊಂದು ಹಾಳೆ. ನಮ್ಮ ಹಾಳೆಯಲ್ಲಿ ಆ ದಿನ 47 ರೂಪಾಯಿ ಬಾಕಿ ಇತ್ತು. ಮಧ್ಯಾಹ್ನ ಗುಂಪು ಬಂದಿತು. ಗುಂಪಿನಲ್ಲಿದ್ದವರಲ್ಲಿ ಅರ್ಧ ಜನ ಆ ಬೀದಿಯವರೇ ಅಲ್ಲ. ಬಾಗಿಲು ಮುರಿದರು, ಸಾಮಾನು ಎಳೆದರು, ಪುಸ್ತಕವನ್ನು ಬೆಂಕಿಗೆ ಹಾಕಿದರು. ನಮ್ಮ ಜೊತೆಯ ಹುಡುಗನೊಬ್ಬ ನಗುತ್ತ, "ಸಾಲ ತೀರಿತಲ್ಲೋ" ಎಂದ. ನಾವೂ ನಕ್ಕೆವು. ಕಲ್ಲೆಸೆಯಲಿಲ್ಲ, ಕೂಗಲಿಲ್ಲ. ರಸ್ತೆಯ ಈಚೆ ಕೈಕಟ್ಟಿಕೊಂಡು ನಿಂತು ನಕ್ಕೆವು. ಹದಿನೈದು ದಿನದ ಮೇಲೆ ದುಡ್ಡು ಹೊಂದಿಸಿಕೊಂಡು ಹೋದಾಗ ಅಂಗಡಿಗೆ ಬೀಗವಿತ್ತು. ಆತ ಮರಳಿ ಬರಲಿಲ್ಲ. ಯಾವ ಊರಿಗೆ ಹೋದನೋ ತಿಳಿಯಲಿಲ್ಲ. ಆ 47 ರೂಪಾಯಿ ಇಂದಿಗೂ ನಮ್ಮ ಮೇಲೆ ಇದೆ. ಕಾವಿ ತೊಟ್ಟ ಮಾತ್ರಕ್ಕೆ ಅದು ಚುಕ್ತಾ ಆಗುವುದಿಲ್ಲ.

ಕಲ್ಯಾಣದಲ್ಲಿ ಹರಳಯ್ಯ, ಮಧುವರಸರು ಜಾತಿಯ ಗಡಿ ದಾಟಿ ಬೀಗರಾದುದಕ್ಕಾಗಿ ಅವರನ್ನು ಎಳೆಹೂಟೆ ಮಾಡಿಸಿ ಕೊಲ್ಲಿಸಿದರೆಂದು ಪರಂಪರೆಯಿಂದ ಕೇಳಿಕೊಂಡು ಬಂದಿದ್ದೇವೆ. ಆ ಕಥೆಯನ್ನು ನಿಮಗೆ ನಾವು ಎಷ್ಟೋ ಸಲ ಹೇಳಿದ್ದೇವೆ, ನೀವು ಕಣ್ಣೀರು ಹಾಕಿದ್ದೀರಿ. ಕೊಲ್ಲಿಸಿದವನ ಹೆಸರು ಗೊತ್ತು, ಮಡಿದವರ ಹೆಸರು ಗೊತ್ತು. ಆದರೆ ಆ ಬೀದಿಯ ಎರಡೂ ಬದಿಯಲ್ಲಿ ನಿಂತು ನೋಡಿದವರು ಎಷ್ಟು ಜನ? ಯಾವ ಪುರಾಣಕಾರನೂ ಅವರ ಲೆಕ್ಕ ಬರೆದಿಡಲಿಲ್ಲ. ನಾವು ಕಣ್ಣೀರು ಹಾಕುವಾಗ ನಮ್ಮನ್ನು ಮಡಿದವರ ಜೊತೆ ಸೇರಿಸಿಕೊಂಡು ಅಳುತ್ತೇವೆ. 1991ರ ಆ ಮಧ್ಯಾಹ್ನದ ಮೇಲೆ ನಮಗೆ ಗೊತ್ತಾದದ್ದೇನೆಂದರೆ, ಕಲ್ಯಾಣದಲ್ಲಿದ್ದಿದ್ದರೆ ನಾವು ಬಹುಶಃ ಆ ಬದಿಯಲ್ಲಿ ನಿಂತವರಲ್ಲಿ ಒಬ್ಬರಾಗಿರುತ್ತಿದ್ದೆವು.

ಈ ಬದಿಯಲ್ಲಿ ನಿಂತವರ ವಿಚಾರವೇ ಇಂದಿನ ವಿಚಾರ. ದ್ವೇಷದ ಸಭೆಯನ್ನು ಕರೆಯುವವನು ತನ್ನ ವೇದಿಕೆಯ ಮೇಲಿರುವ ಹತ್ತು ಜನರಿಗಾಗಿ ಕರೆಯುವುದಿಲ್ಲ. ಅವರು ಆಗಲೇ ಅವನವರು. ಎದುರಾಳಿಗಳಿಗಾಗಿಯೂ ಕರೆಯುವುದಿಲ್ಲ. ಅವನು ಕರೆಯುವುದು ಅಂಚಿನಲ್ಲಿ ನಿಂತವನಿಗಾಗಿ. ಮಾಡಲು ಕೆಲಸವಿಲ್ಲದ ಹುಡುಗ, ಗೆಳೆಯ ಕರೆದನೆಂದು ಬಂದವನು, ತಮಟೆ ಸದ್ದಿಗೆ ಬಾಗಿಲಿಗೆ ಬಂದು ನಿಂತ ಗೃಹಸ್ಥ, ಇವರ ಮೇಲೆ ಅವನ ಕಣ್ಣು. ಇವರು ಸುಮ್ಮನಿದ್ದರೆ ಸಾಕು, ಅವನ ಕೆಲಸ ಆಯಿತು. ಹಾಗಿದ್ದ ಮೇಲೆ ನಮ್ಮ ಕೆಲಸವೂ ಇವರಲ್ಲಿಯೇ ಇದೆ. ವೇದಿಕೆಯ ಮೇಲಿರುವವನೊಡನೆ ಜಗಳಕ್ಕೆ ನಿಂತರೆ ಅವನಿಗೆ ಇನ್ನಷ್ಟು ಜನ ಸೇರುತ್ತಾರೆ, ಅಷ್ಟೆ.

2012ರ ಆಗಸ್ಟ್ ತಿಂಗಳು ನಿಮ್ಮಲ್ಲಿ ಬಹಳ ಜನಕ್ಕೆ ನೆನಪಿರಬೇಕು. ಅಸ್ಸಾಮಿನಲ್ಲಿ ಗಲಭೆಯಾಗಿತ್ತು. ಇಲ್ಲಿ ಬೆಂಗಳೂರಿನಲ್ಲಿ ಕಾವಲು ಕಾಯುವ, ಹೋಟೆಲುಗಳಲ್ಲಿ ದುಡಿಯುವ, ಕಾಲೇಜುಗಳಲ್ಲಿ ಓದುವ ಈಶಾನ್ಯದ ಮಕ್ಕಳ ಫೋನುಗಳಿಗೆ ಸಂದೇಶಗಳು ಬರತೊಡಗಿದವು. ನಿಮ್ಮನ್ನು ಬಿಡುವುದಿಲ್ಲ, ಹಬ್ಬದೊಳಗೆ ಊರು ಬಿಡಿ ಎಂದು. ಬೀದಿಯಲ್ಲಿ ಯಾವ ಮೆರವಣಿಗೆಯೂ ಬರಲಿಲ್ಲ, ಬರೀ ಸುದ್ದಿ. ಅಷ್ಟಕ್ಕೇ ಸಾವಿರಾರು ಮಕ್ಕಳು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಸಂದೇಶ ಕಳುಹಿಸಬಾರದೆಂದು ಸರ್ಕಾರ ಹದಿನೈದು ದಿನ ನಿರ್ಬಂಧ ಹಾಕಿತು. ಮುಸ್ಲಿಂ ಮುಖಂಡರು ಸೇರಿದಂತೆ ಊರಿನ ಅನೇಕರು ನಿಲ್ದಾಣಕ್ಕೇ ಹೋಗಿ, ಹೋಗಬೇಡಿ, ನಾವಿದ್ದೇವೆ ಎಂದರು. ಒಳ್ಳೆಯ ಕೆಲಸ. ಆದರೆ ನಾವು ಕೇಳುವುದು ಇಷ್ಟೇ: ಆ ಮಾತನ್ನು ಮೂರು ತಿಂಗಳು ಮೊದಲು, ಆ ಮಕ್ಕಳು ಇದ್ದ ಬೀದಿಯಲ್ಲಿ, ಯಾರಾದರೂ ಆಡಿದ್ದರೆ? ತನ್ನ ಮನೆಯ ಮಾಲೀಕನ ಹೆಂಡತಿ ಒಂದು ದಿನ ಊಟಕ್ಕೆ ಕರೆದಿದ್ದರೆ, ಆ ಹುಡುಗ ಸುದ್ದಿ ಕೇಳಿದ ಕೂಡಲೇ ಅವಳನ್ನು ಕೇಳುತ್ತಿದ್ದ, ರೈಲನ್ನು ಹಿಡಿಯುತ್ತಿರಲಿಲ್ಲ.

ನಿಮಗೆ ಇನ್ನೂ ಹತ್ತಿರದ ಮಾತು ಹೇಳುತ್ತೇವೆ. ಇಲ್ಲಿಂದ ಹೆಬ್ಬಾಳ, ಆರ್.ಟಿ. ನಗರ ದಾಟಿದರೆ ಕಾವಲ್ ಬೈರಸಂದ್ರ, ಅದರ ಮಗ್ಗುಲಲ್ಲಿ ಡಿ.ಜೆ. ಹಳ್ಳಿ. 2020ರ ಆಗಸ್ಟ್ 11ರ ರಾತ್ರಿ ಒಂದು ಫೇಸ್‌ಬುಕ್ ಬರಹದ ಕಾರಣಕ್ಕೆ ಅಲ್ಲಿ ಗುಂಪು ಸೇರಿತು. ಶಾಸಕರ ಮನೆಗೆ, ಪೊಲೀಸ್ ಠಾಣೆಗೆ ಬೆಂಕಿ ಬಿತ್ತು. ಗೋಲೀಬಾರಿನಲ್ಲಿ ಜನ ಸತ್ತರು. ಪ್ರವಾದಿಯವರ ನಿಂದನೆಯಿಂದ ನೋವಾದದ್ದು ನಿಜ, ಮನೆ ಸುಟ್ಟದ್ದು ಅಕ್ಷಮ್ಯ. ಅದೇ ರಾತ್ರಿ ಅಲ್ಲಿಯೇ ಇನ್ನೊಂದು ಸಂಗತಿಯೂ ನಡೆಯಿತು. ಅಲ್ಲಿದ್ದ ಒಂದು ಆಂಜನೇಯನ ಗುಡಿಗೆ ಯಾರೂ ಕೈ ಹಚ್ಚಬಾರದೆಂದು ಮುಸ್ಲಿಂ ಯುವಕರು ಕೈಕೈ ಹಿಡಿದು ಗುಡಿಯ ಮುಂದೆ ಸಾಲಾಗಿ ನಿಂತರು. ಆ ದೃಶ್ಯವನ್ನು ದೇಶವೇ ನೋಡಿತು. ಆ ಹುಡುಗರು ಆ ಗಳಿಗೆಯಲ್ಲಿ ಯಾವ ಗ್ರಂಥವನ್ನೂ ತಿರುವಿ ನೋಡಲಿಲ್ಲ. ಅದು ತಮ್ಮ ಬೀದಿಯ ಗುಡಿ. ಸಣ್ಣವರಿದ್ದಾಗಿನಿಂದ ನೋಡಿದ ಗುಡಿ. ಗುಂಪಿನಲ್ಲಿ ಸೇರಿದವರ ವಯಸ್ಸು, ಗುಡಿಯ ಮುಂದೆ ನಿಂತವರ ವಯಸ್ಸು ಹೆಚ್ಚು ಕಡಿಮೆ ಒಂದೇ. ಇವನನ್ನು ಅಲ್ಲಿ ನಿಲ್ಲಿಸಿದ್ದು ಯಾವುದು, ಅವನನ್ನು ಇಲ್ಲಿ ತಂದದ್ದು ಯಾವುದು, ಇದನ್ನು ಯೋಚಿಸಬೇಕು.

ನಮ್ಮ ನಾಡಿನಲ್ಲಿ ಇಂಥ ಹೊತ್ತಿನಲ್ಲಿ ಜನರನ್ನು ಕೂಡಿಸುವ ಪ್ರಯತ್ನಗಳು ಆಗಿಲ್ಲವೆಂದಲ್ಲ. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ಗವಿಗೆ ಹಿಂದೂಗಳು ದತ್ತಾತ್ರೇಯನೆಂದೂ ಮುಸ್ಲಿಮರು ಬಾಬಾ ಎಂದೂ ನಡೆದುಕೊಂಡು ಬಂದವರು. ಅದರ ವ್ಯಾಜ್ಯ ದಶಕಗಳ ಕಾಲ ನ್ಯಾಯಾಲಯಗಳನ್ನು ಸುತ್ತಿದೆ, ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಭಕ್ತಿಯಿಂದ ಬೆಟ್ಟ ಹತ್ತುವವನ ಭಕ್ತಿಯನ್ನು ನಾವು ಪ್ರಶ್ನಿಸುವುದೂ ಇಲ್ಲ. ಆದರೆ ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿನ ಯಾತ್ರೆಯ ಸುತ್ತ ಮಾತು ಕಾವೇರಿದಾಗ ಲೇಖಕರು, ದಲಿತ ಸಂಘಟನೆಯವರು, ವಿದ್ಯಾರ್ಥಿಗಳು ಕೂಡಿ ಕೋಮು ಸೌಹಾರ್ದ ವೇದಿಕೆಯನ್ನು ಕಟ್ಟಿದರು. 2003ರ ಡಿಸೆಂಬರಿನಲ್ಲಿ ಅಲ್ಲಿಗೆ ಹೊರಟವರಲ್ಲಿ ಹಲವರು ಬಂಧನಕ್ಕೆ ಒಳಗಾದರು. ಗೌರಿ ಲಂಕೇಶ್ ಅವರೂ ಅವರಲ್ಲೊಬ್ಬರು. 2017ರ ಸೆಪ್ಟೆಂಬರ್ 5ರಂದು ಇದೇ ಬೆಂಗಳೂರಿನಲ್ಲಿ, ತಮ್ಮ ಮನೆಯ ಬಾಗಿಲಲ್ಲಿಯೇ ಅವರು ಗುಂಡಿಗೆ ಬಲಿಯಾದರು. 2022ರಲ್ಲಿ ಉಡುಪಿಯ ಶಾಲಾ ಮಕ್ಕಳ ನಡುವೆ ಉಡುಪಿನ ವಿಚಾರವಾಗಿ ಬಿರುಕು ಬಿಟ್ಟು, ಜಾತ್ರೆಗಳಲ್ಲಿ ಇಂಥವರು ಅಂಗಡಿ ಹಾಕಬಾರದೆಂಬ ಫಲಕಗಳು ಎದ್ದಾಗ, ಅದೇ ವರ್ಷದ ಮೇ 14ರಂದು ಉಡುಪಿಯಲ್ಲಿ 'ಸಹಬಾಳ್ವೆ' ಎಂಬ ಹೆಸರಿನಲ್ಲಿ ನಡಿಗೆ, ಸಭೆ ನಡೆದವು. ನಾನಾ ಕಡೆಯಿಂದ ಜನ ಬಂದರು.

ಇಂಥ ಸಭೆಗಳಿಗೆ ನಮ್ಮ ಗೌರವವಿದೆ. ಆದರೂ ಒಂದು ಮಾತನ್ನು ಹೇಳಲೇಬೇಕು. ದೊಡ್ಡ ಸಭೆಗೆ ಬಸ್ಸು ಮಾಡಿಕೊಂಡು ಬರುವವರು ಮೊದಲೇ ಒಪ್ಪಿದವರು. ಸಂಜೆ ಬಸ್ಸು ಹೋಗುತ್ತದೆ. ಮರುದಿನ ಬೆಳಿಗ್ಗೆ ಆ ಬೀದಿಯಲ್ಲಿ ಉಳಿಯುವವರು ಹಾಲಿನವನು, ರಿಕ್ಷಾದವನು, ಶಾಲೆಯ ಮೇಷ್ಟರು, ಮತ್ತು ಆ ತಾಯಿಯ ಮಗ. ಬಸ್ಸಿನಲ್ಲಿ ಬಂದವರು ಇವರೊಡನೆ ಮಾತಾಡಿರುವುದಿಲ್ಲ.

ಮುಂಬಯಿಯ ಬಳಿ ಭಿವಂಡಿ ಎಂಬ ಊರಿದೆ. ವಿದ್ಯುತ್ ಮಗ್ಗಗಳ ಊರು. ಅಲ್ಲಿ 1970ರಲ್ಲಿ, ಮತ್ತೆ 1984ರಲ್ಲಿ ಘೋರವಾದ ಗಲಭೆಗಳಾದವು. ಆ ಊರಿನ ಹೆಸರು ಹೇಳಿದರೆ ಬೆಂಕಿ ನೆನಪಾಗುತ್ತಿತ್ತು. 1988ರಲ್ಲಿ ಅಲ್ಲಿಗೆ ಸುರೇಶ ಖೋಪಡೆ ಎಂಬ ಪೊಲೀಸ್ ಅಧಿಕಾರಿ ಬಂದರು. ಆತ ಲಾಠಿಯ ಸಂಖ್ಯೆ ಹೆಚ್ಚಿಸಲಿಲ್ಲ. ಮೊಹಲ್ಲಾ ಮೊಹಲ್ಲಾಗಳಲ್ಲಿ ಸಮಿತಿಗಳನ್ನು ಮಾಡಿಸಿದರು. ಒಂದೊಂದು ಸಮಿತಿಯಲ್ಲೂ ಹಿಂದೂಗಳು, ಮುಸ್ಲಿಮರು ಇರಬೇಕು. ಬರೀ ಮುಖಂಡರಲ್ಲ, ಅಂಗಡಿಯವರು, ಮಗ್ಗದವರು, ಸಾಮಾನ್ಯರು ಇರಬೇಕು. ಪೊಲೀಸಿನವರ ಸಂಗಡ ಆಗಾಗ ಕೂಡಬೇಕು. ಏನು ಮಾತಾಡಿದರು ಎಂದು ಕೇಳಿದರೆ ಮಹಾ ತತ್ತ್ವವನ್ನೇನೂ ಅಲ್ಲ. ನೀರಿನ ನಲ್ಲಿ, ಬೀದಿ ದೀಪ, ಮನೆಮನೆಗಳ ಸಣ್ಣ ಜಗಳ. ನಾಲ್ಕು ವರ್ಷದ ಮೇಲೆ, 1992ರ ಡಿಸೆಂಬರಿನಲ್ಲಿ ಅಯೋಧ್ಯೆಯ ಘಟನೆಯಾಯಿತು. ಮುಂಬಯಿ ಎರಡು ತಿಂಗಳು ಹೊತ್ತಿ ಉರಿಯಿತು, ಸುಮಾರು 900 ಜನ ಸತ್ತರೆಂದು ಲೆಕ್ಕ. ಅದರ ಮಗ್ಗುಲಲ್ಲಿದ್ದ ಭಿವಂಡಿ ಶಾಂತವಾಗಿತ್ತು. ಎಲ್ಲಿ ಹೊತ್ತಿಕೊಳ್ಳುತ್ತದೆಂದು ಎಲ್ಲರೂ ಹೆದರಿದ್ದರೋ ಅಲ್ಲಿ ಹೊತ್ತಿಕೊಳ್ಳಲಿಲ್ಲ. ನಲ್ಲಿಯ ಜಗಳ ಬಗೆಹರಿಸಲು ನಾಲ್ಕು ವರ್ಷ ಒಟ್ಟಿಗೆ ಚಹಾ ಕುಡಿದವರಿಗೆ ಆ ರಾತ್ರಿ ಯಾರ ಮನೆಯ ಬಾಗಿಲು ತಟ್ಟಬೇಕೆಂದು ಗೊತ್ತಿತ್ತು.

ನಮ್ಮ ಗದಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಸಿದ್ಧಲಿಂಗ ಸ್ವಾಮಿಗಳು ವಾರವಾರವೂ ಶಿವಾನುಭವ ಗೋಷ್ಠಿಯನ್ನು ದಶಕಗಳ ಕಾಲ ತಪ್ಪದೆ ನಡೆಸಿದರು. ಎಲ್ಲ ಮತದವರೂ ಅಲ್ಲಿಗೆ ಬರುತ್ತಿದ್ದರು. ಸ್ವಾಮಿಗಳಿಗೆ ಬೇರೆ ಕೆಲಸವಿಲ್ಲ, ವಾರಕ್ಕೊಂದು ಭಾಷಣ ಎಂದು ಯಾರಾದರೂ ನಕ್ಕಿದ್ದರೂ ನಕ್ಕಿರಬಹುದು. ವಾರಕ್ಕೊಮ್ಮೆ ಸೇರುವ ಊರಿನವರಿಗೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿರುತ್ತದೆ. ಅನುಭವ ಮಂಟಪವೆಂದರೆ ಅದೇ ತಾನೆ? ಮಡಿವಾಳ, ಅಂಬಿಗ, ಮೋಳಿಗೆ ಮಾರುವವ ಬಂದು ದಿನವೂ ಕೂಡುತ್ತಿದ್ದ ಜಾಗ.

ಇನ್ನು ದೂರದೇಶದ ಒಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಅಮೆರಿಕೆಯ ಶಿಕಾಗೋ ನಗರದ ಉತ್ತರಕ್ಕೆ ಸ್ಕೋಕಿ ಎಂಬ ಊರು. 1977ರಲ್ಲಿ ಅಲ್ಲಿ ಸುಮಾರು 70,000 ಜನ. ಅರ್ಧಕ್ಕಿಂತ ಹೆಚ್ಚು ಯಹೂದಿಗಳು. ಅವರಲ್ಲಿ ಹಿಟ್ಲರನ ಯಾತನಾ ಶಿಬಿರಗಳಿಂದ ಬದುಕಿ ಬಂದವರು ಸಾವಿರಾರು. ಆ ಊರನ್ನೇ ಹುಡುಕಿಕೊಂಡು, ಫ್ರಾಂಕ್ ಕೊಲಿನ್ ಎಂಬ ನಾಜಿ ಪುಢಾರಿ, ನಾವು ಸ್ವಸ್ತಿಕದ ಪಟ್ಟಿ ಕಟ್ಟಿಕೊಂಡು ನಿಮ್ಮ ಬೀದಿಯಲ್ಲಿ ಮೆರವಣಿಗೆ ಮಾಡುತ್ತೇವೆ ಎಂದ. ಮೈಮೇಲೆ ಶಿಬಿರದ ಅಂಕಿಯ ಹಚ್ಚೆ ಇನ್ನೂ ಮಾಸದ ಮುದುಕಿ ಬಾಗಿಲು ತೆರೆದರೆ ಎದುರಿಗೆ ಅದೇ ಸಮವಸ್ತ್ರ ಕಾಣಬೇಕು! ಊರಿನವರು ಕಾನೂನು ಮಾಡಿದರು, ನ್ಯಾಯಾಲಯಕ್ಕೆ ಹೋದರು. ಅಲ್ಲಿನ ನ್ಯಾಯಾಲಯಗಳು ಮಾತಿನ ಸ್ವಾತಂತ್ರ್ಯದ ಹೆಸರಿನಲ್ಲಿ ನಾಜಿಗಳಿಗೇ ಅವಕಾಶವಿತ್ತವು. ಅವರ ಪರ ವಾದಿಸಿದ ವಕೀಲರೊಬ್ಬರು ಸ್ವತಃ ಯಹೂದಿ. ಇದನ್ನು ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ನಮ್ಮ ದೇಶದ ಕಾನೂನು ಬೇರೆ, ಅದನ್ನು ಮುಂದೆ ಹೇಳುತ್ತೇವೆ. ಕಡೆಗೆ 1978ರಲ್ಲಿ ಕೊಲಿನ್ ಸ್ಕೋಕಿಗೆ ಬರಲೇ ಇಲ್ಲ, ಶಿಕಾಗೋದಲ್ಲಿಯೇ ಸಭೆ ಮಾಡಿ ಮುಗಿಸಿದ. ಆತನ ತಂದೆಯೇ ಯಹೂದಿ, ಡಾಖಾವ್ ಎಂಬ ಯಾತನಾ ಶಿಬಿರದಲ್ಲಿದ್ದು ಬದುಕಿ ಬಂದವರು ಎಂಬುದು ಆ ಕಾಲದಲ್ಲಿಯೇ ಬಯಲಾಯಿತು. ತಾನು ಯಾರನ್ನು ದ್ವೇಷಿಸುತ್ತೇನೆಂದು ಆತ ಕೂಗುತ್ತಿದ್ದನೋ ಅವರು ತನ್ನ ಮನೆಯ ಊಟದ ಮೇಜಿನಲ್ಲಿಯೇ ಕುಳಿತಿದ್ದರು.

ಆದರೆ ನಾವು ಹೇಳಹೊರಟದ್ದು ಮೆರವಣಿಗೆ ತಪ್ಪಿಹೋದ ಕಥೆಯಲ್ಲ. ಆಮೇಲೆ ನಡೆದದ್ದು. ಆ ಊರಿನ ಬದುಕುಳಿದವರು ಮೂವತ್ತು ವರ್ಷ ಬಾಯಿ ಬಿಟ್ಟಿರಲಿಲ್ಲ. ಮಕ್ಕಳಿಗೆ ಕೂಡ ಹೇಳದೆ ಒಳಗೇ ಇಟ್ಟುಕೊಂಡಿದ್ದವರು ಬಹಳ ಜನ. ಈ ಮೆರವಣಿಗೆಯ ಬೆದರಿಕೆ ಬಂದ ಮೇಲೆ ಅವರಿಗನ್ನಿಸಿತು, ನಾವು ಸುಮ್ಮನಿದ್ದುದರಿಂದಲೇ ಇವರಿಗೆ ಮಾತು ಬಂತು ಎಂದು. ಅವರು ಸಂಸ್ಥೆ ಕಟ್ಟಿಕೊಂಡು ಶಾಲೆಗಳಿಗೆ ಹೋಗಿ ಮಕ್ಕಳೆದುರು ತಮ್ಮ ಕಥೆ ಹೇಳತೊಡಗಿದರು. ಒಂದು ಸಣ್ಣ ಅಂಗಡಿಯಂಥ ಜಾಗದಲ್ಲಿ ವಸ್ತುಸಂಗ್ರಹಾಲಯ ಮಾಡಿದರು. 1990ರಲ್ಲಿ ಆ ರಾಜ್ಯದ ಶಾಲೆಗಳಲ್ಲಿ ಆ ನರಮೇಧದ ಇತಿಹಾಸವನ್ನು ಕಲಿಸಲೇಬೇಕೆಂಬ ಕಾನೂನು ಬರುವಂತೆ ಮಾಡಿದರು. ಅಂಥ ಕಾನೂನು ಮಾಡಿದ ಮೊದಲ ರಾಜ್ಯ ಅದು. 2009ರಲ್ಲಿ ಅದೇ ಸ್ಕೋಕಿಯಲ್ಲಿ ದೊಡ್ಡ ವಸ್ತುಸಂಗ್ರಹಾಲಯವೇ ತೆರೆಯಿತು. ಬಾರದೆ ಹೋದ ಒಂದು ಮೆರವಣಿಗೆಗೆ ಆ ಮುದುಕರು ಮೂವತ್ತು ವರ್ಷ ಉತ್ತರ ಹೇಳಿದರು.

ಜರ್ಮನಿಯ ವುನ್‌ಸೀಡೆಲ್ ಎಂಬ ಸಣ್ಣ ಊರಿನವರು ಇನ್ನೊಂದು ಉಪಾಯ ಮಾಡಿದರು. ಹಿಟ್ಲರನ ಸಹಚರನೊಬ್ಬನ ಸಮಾಧಿ ಅಲ್ಲಿತ್ತೆಂದು ನವನಾಜಿಗಳು ಅಲ್ಲಿಗೆ ಮೆರವಣಿಗೆ ಬರುತ್ತಿದ್ದರು. 2014ರಲ್ಲಿ ಊರಿನವರು, ಅವರು ನಡೆಯುವ ಒಂದೊಂದು ಮೀಟರಿಗೂ ಹತ್ತು ಯೂರೋ ದಾನವೆಂದು ಗೊತ್ತು ಮಾಡಿದರು. ಆ ದಾನ ಹೋಗುವುದು ನಾಜಿ ಸಂಗ ಬಿಟ್ಟು ಹೊರಬರುವವರಿಗೆ ನೆರವಾಗುವ ಸಂಸ್ಥೆಗೆ. ದಾರಿಯಲ್ಲಿ ಫಲಕಗಳನ್ನು ಬರೆದರು, ನಡೆಯುವವರಿಗೆ ತಿನ್ನಲು ಬಾಳೆಹಣ್ಣನ್ನೂ ಇಟ್ಟರು! (ನಗೆ.) ಪಾಪ, ಅವರು ಮುಂದೆ ನಡೆದರೂ ದಾನ, ಹಿಂದೆ ತಿರುಗಿದರೂ ಊರಿಗೆ ಲಾಭ. 10,000 ಯೂರೋ ಸೇರಿತು. ಈ ಉಪಾಯವನ್ನು ಇಲ್ಲಿ ಹಾಗೆಯೇ ಮಾಡಿರೆಂದು ನಾವು ಹೇಳುವುದಿಲ್ಲ. ನಮ್ಮ ಊರಿನ ಹುಡುಗರಿಗೆ ಹಾಸ್ಯ ಅರ್ಥವಾಗುವ ಮೊದಲು ಕಲ್ಲು ಕೈಗೆ ಬರುತ್ತದೆ. ಆದರೂ ಕೋಪಕ್ಕೆ ಕೋಪವೇ ಉತ್ತರವಾಗಬೇಕಿಲ್ಲ ಎಂಬುದಕ್ಕೆ ಹೇಳಿದೆವು.

ಈಗ ಈ ಬಡಾವಣೆಯಲ್ಲಿ ಏನು ಮಾಡಬೇಕು? ಮೊಟ್ಟಮೊದಲು ಎದುರು ಮನೆಗೆ ಹೋಗಬೇಕು. ಯಾರ ವಿರುದ್ಧ ಸಭೆ ಕರೆದಿದ್ದಾರೋ ಅವರನ್ನು ಕೇಳದೆ ಅವರ ಪರವಾಗಿ ನೀವು ಏನನ್ನೂ ನಿಶ್ಚಯಿಸಬೇಡಿ. ಅವರಿಗೆ ಬೇಕಾದದ್ದು ನಿಮ್ಮ ಭಾಷಣವಿರಲಾರದು. ಆ ದಿನ ಮಗಳನ್ನು ಟ್ಯೂಷನ್ನಿನಿಂದ ಯಾರಾದರೂ ಕರೆದು ತಂದರೆ ಸಾಕು ಎಂದಾರು. ವಯಸ್ಸಾದ ತಂದೆಗೆ ಔಷಧಿ ತಂದುಕೊಡಿ ಎಂದಾರು. ಅದನ್ನು ಮಾಡಿ.

ಎರಡನೆಯದು ಕಾನೂನಿನ ಮಾತು. ಮತ, ಜಾತಿ, ಭಾಷೆಗಳ ಹೆಸರಿನಲ್ಲಿ ಜನಜನರ ನಡುವೆ ವೈರ ಹುಟ್ಟಿಸುವುದು ನಮ್ಮ ದೇಶದಲ್ಲಿ ಅಪರಾಧ. ಹಿಂದೆ ದಂಡಸಂಹಿತೆಯ 153ಎ ಎನ್ನುತ್ತಿದ್ದರು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 196ನೆಯ ಕಲಮು. ಯಾರೂ ದೂರು ಕೊಡದಿದ್ದರೂ ಪೊಲೀಸರು ತಾವಾಗಿಯೇ ಮೊಕದ್ದಮೆ ಹೂಡಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೂ ಹೇಳಿದೆ. ಹಾಗೆಂದು ಸುಮ್ಮನೆ ಕೂಡಬೇಡಿ. ಬೇರೆ ಬೇರೆ ಮನೆಯ ಹತ್ತು ಜನ ಹಿರಿಯರು, ಬೇರೆ ಬೇರೆ ಜಾತಿ ಮತದವರು, ಒಂದೇ ಅರ್ಜಿಗೆ ಸಹಿ ಹಾಕಿ ಠಾಣೆಗೆ ಹೋಗಿ ಕೊಡಿ. ಅರ್ಜಿಯಲ್ಲಿ ಬೈಗುಳ ಬೇಡ. ಎಲ್ಲಿ, ಯಾವಾಗ, ಯಾವ ಸಂದೇಶ ಬಂದಿದೆ, ಅದರ ಪ್ರತಿ ಲಗತ್ತಿಸಿದೆ, ಭಾಷಣಗಳ ಧ್ವನಿಮುದ್ರಣ ಮಾಡಿಸಬೇಕು, ಇಷ್ಟು ಸಾಕು. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ನಿವೃತ್ತ ನೌಕರರು ಇಷ್ಟು ಜನ ಇದ್ದೀರಿ, ಅರ್ಜಿ ಬರೆಯುವುದನ್ನು ನಾವು ನಿಮಗೆ ಹೇಳಿಕೊಡಬೇಕೆ?

ಆ ದಿನ ಬಂದಾಗ ಎದುರು ಮೆರವಣಿಗೆ ಮಾಡಬೇಡಿ. ಅವರ ಮೈಕಿನೆದುರು ನಿಮ್ಮ ಮೈಕು ಬೇಡ. ಹಿರಿಯರು ಇಬ್ಬಿಬ್ಬರಾಗಿ ತಮ್ಮ ತಮ್ಮ ಬೀದಿಯ ತಿರುವಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿರಲಿ. ಹುಡುಗರಿಗೆ ಗುರುತಿನ ಮುಖ ಕಂಡರೆ ಕಾಲು ತಾನಾಗಿ ಹಿಂದೆಗೆಯುತ್ತದೆ. ಮುಖ ಮುಚ್ಚಿಕೊಳ್ಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಫೋನಿಗೆ ಯಾವ ಸುದ್ದಿ ಬಂದರೂ, ಕಣ್ಣಾರೆ ಕಂಡವರಿಂದ ಕೇಳಿ ತಿಳಿಯುವವರೆಗೆ ಮುಂದೆ ಕಳುಹಿಸಬೇಡಿ. ಒಳ್ಳೆಯ ಉದ್ದೇಶದಿಂದ ಕಳುಹಿಸಿದ ಸುಳ್ಳೂ ಸುಳ್ಳೇ. 2012ರಲ್ಲಿ ಆ ಮಕ್ಕಳನ್ನು ಓಡಿಸಿದ ಸಂದೇಶಗಳಲ್ಲಿ ಎಚ್ಚರಿಕೆ ಹೇಳುವವರ ಸಂದೇಶಗಳೂ ಇದ್ದವು.

ಭಾನುವಾರ ಕಳೆದ ಮೇಲೆ ನಿಜವಾದ ಕೆಲಸ ಶುರು. ತಿಂಗಳಿಗೊಂದು ಸಂಜೆ ಮಕ್ಕಳನ್ನು ಕೂಡಿಸಿ. ಸ್ವಾಮಿಗಳನ್ನು ಕರೆಯಬೇಡಿ, ನಾವು ಬಂದರೆ ಹಾರ ತುರಾಯಿಯಲ್ಲಿ ಒಂದು ಗಂಟೆ ಹೋಗುತ್ತದೆ. ನಿಮ್ಮಲ್ಲಿಯೇ ಒಬ್ಬರನ್ನು ಮಾತಾಡಿಸಿ. ಹದಿನೆಂಟನೆಯ ವಯಸ್ಸಿನಲ್ಲಿ ಭಾಷೆ ಬಾರದೆ ಜಾಲಹಳ್ಳಿಗೆ ಬಂದಿಳಿದ ಮಲಯಾಳಿ ಹಿರಿಯರು ಹೇಳಲಿ, ಮೊದಲ ರಾತ್ರಿ ಎಲ್ಲಿ ಮಲಗಿದರು, ಯಾರು ಅನ್ನ ಹಾಕಿದರು. ರಾಗಿ ಹೊಲ ಬಡಾವಣೆಯಾದ ಮೇಲೆ ತನ್ನ ಊರಿನಲ್ಲಿಯೇ ಅಪರಿಚಿತನಾದ ರೈತ ಹೇಳಲಿ. ಅವನ ನೋವನ್ನೂ ಕೇಳಬೇಕು. ಕೇಳದಿದ್ದರೆ ನಾಳೆ ಅದನ್ನು ಕಡ ತೆಗೆದುಕೊಳ್ಳಲು ಇನ್ನೊಬ್ಬ ಬರುತ್ತಾನೆ. 1991ರಲ್ಲಿ ಬಾಗಿಲು ಹಾಕಿಕೊಂಡು ಮಂಚದ ಕೆಳಗೆ ಕೂತಿದ್ದ ತಮಿಳು ತಾಯಿ ಈ ಬಡಾವಣೆಯಲ್ಲಿ ಇದ್ದರೆ, ಅವರಿಗೆ ಮನಸ್ಸಿದ್ದರೆ, ಹೇಳಲಿ. ಮಕ್ಕಳು ಪ್ರಶ್ನೆ ಕೇಳಲಿ. ಒರಟಾಗಿ ಕೇಳಿದರೂ ಗದರಬೇಡಿ.

ಕಡೆಯದಾಗಿ ಆ ತಾಯಿಗೆ. ಮಗನನ್ನು ಕೋಣೆಯಲ್ಲಿ ಕೂಡಿ ಹಾಕಬೇಡಿ, ಫೋನು ಕಿತ್ತುಕೊಳ್ಳಬೇಡಿ. ಇಪ್ಪತ್ತರ ಹುಡುಗನಿಗೆ ಅದು ಮೆರವಣಿಗೆಯ ದಾರಿ ತೋರಿಸಿದಂತೆ. ಒಂದೇ ಒಂದು ಮಾತು ಹೇಳಿ. "ಹೋಗುವುದಾದರೆ ಹೋಗು. ಆದರೆ ಹೋಗುವ ಮೊದಲು ಎದುರು ಮನೆಗೆ ಹೋಗಿ, ಅವರ ಮುಂದೆ ಕುಳಿತು, ಭಾನುವಾರ ನಾನು ನಿಮ್ಮ ಮೇಲಿನ ಸಭೆಗೆ ಹೋಗುತ್ತಿದ್ದೇನೆ ಎಂದು ಹೇಳಿ ಬಾ. ಅವರು ಕೊಟ್ಟ ಕಾಫಿ ಕುಡಿದು ಬಾ." ಹೇಳಲು ಬಾಯಿ ಬಂದರೆ ಅವನು ಹೋಗಲಿ. ನಮಗೆ ಆ ದಿನ ರಸ್ತೆ ದಾಟಿ ಆ ಅಂಗಡಿಯ ಬಾಗಿಲಿಗೆ ಹೋಗಿ ನಿಲ್ಲು ಎಂದು ಹೇಳುವವರು ಯಾರೂ ಇರಲಿಲ್ಲ. ಇದ್ದಿದ್ದರೆ ಹೋಗುತ್ತಿದ್ದೆವೋ ಇಲ್ಲವೋ, ಎದೆ ಮುಟ್ಟಿಕೊಂಡು ಹೇಳಲಾರೆವು.

ಆ ತಾಯಿ ಸಭೆಯಲ್ಲಿಯೇ ಇದ್ದಾರೆ. ಮಗನೂ ಬಂದಿದ್ದಾನೆ, ಎಲ್ಲಿ ನಿಂತಿದ್ದಾನೆಂದು ಹೇಳುವುದಿಲ್ಲ, ಯಾರೂ ತಿರುಗಿ ನೋಡಬೇಡಿ. ಬಾಗಿಲ ಬಳಿ ಒಂದು ಗೆರೆ ಹಾಕಿದ ಪುಸ್ತಕವನ್ನು ಇಡಿಸಿದ್ದೇವೆ. ಬೀದಿಗೊಂದು ಹಾಳೆ. ನಿಮ್ಮ ಹೆಸರು, ಬೀದಿಯ ಹೆಸರು, ಭಾನುವಾರ ಎಷ್ಟು ಹೊತ್ತು ತಿರುವಿನಲ್ಲಿ ಕೂಡಲು ಆಗುತ್ತದೆ, ಇಷ್ಟನ್ನು ಬರೆಯಿರಿ. ಅರ್ಜಿಗೆ ಸಹಿ ಹಾಕುವವರು ಪ್ರಸಾದವಾದ ಮೇಲೆ ಹತ್ತು ನಿಮಿಷ ನಿಲ್ಲಿ. ಪಂಕ್ತಿ ಸಿದ್ಧವಾಗಿದೆಯೆಂದು ಹೇಳಿ ಕಳುಹಿಸಿದ್ದಾರೆ, ಮಕ್ಕಳನ್ನು ಮೊದಲು ಕೂಡಿಸಿ.